ಪಿಕಪ್ ಗಾಡಿಯ ಡಿಫರೆನ್ಶಿಯಲ್ ಮತ್ತು ನಮ್ಮ ತೊಗರಿ ಚೀಲಗಳು



ಕಳೆದ ತಿಂಗಳು ನಮ್ಮ ಚೌಡಾಪುರದ ರಸ್ತೆಬದಿಯ ಗ್ಯಾರೇಜೊಂದರ ಮುಂದೆ ಕಲ್ಲಿನ ಮೇಲೆ ಕುಳಿತು ಅರ್ಧ ದಿನ ಕಳೆದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಪಿಕಪ್ ಗಾಡಿಯ ಹಿಂಭಾಗವನ್ನು ಜ್ಯಾಕಿನ ಮೇಲೆ ಎತ್ತಿ ಡಿಫರೆನ್ಶಿಯಲ್ ಬಿಚ್ಚುತ್ತಿದ್ದರು. ನಾಲ್ಕು ವರ್ಷಗಳಲ್ಲಿ ಇದು ಮೂರನೆಯದು. “ಸರ, ಈಗಿನ ಸಾಮಾನು ಗಟ್ಟಿ ಇಲ್ರಿ” ಎಂದ ಆತ. ಮಿಸ್ತ್ರಿ ತಲೆಯಾಡಿಸಿದ. ಚಹಾ ಕುಡಿಯಲು ಬಂದು ನಿಂತಿದ್ದ ನಾಲ್ವರೂ ತಲೆಯಾಡಿಸಿದರು. ನಾನು ಆಡಿಸಲಿಲ್ಲ. ಏಕೆ ಆಡಿಸಲಿಲ್ಲವೆಂಬುದನ್ನು ಅಲ್ಲಿ ಹೇಳಲು ಬಾಯಿ ಬರಲಿಲ್ಲ; ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು, ತರಗತಿಯಲ್ಲಿ ನಾನು ನಿಮಗೆ ಹೇಳದೆ ಉಳಿಸಿದ ಒಂದು ಪಾಠ. ಗಾಡಿ ತಿರುವಿನಲ್ಲಿ ಹೊರಳುವಾಗ ಹೊರಗಿನ ಚಕ್ರವು ಒಳಗಿನ ಚಕ್ರಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು. ಎರಡು ಚಕ್ರಗಳ ನಡುವಿನ ಅಂತರ 1.4 ಮೀಟರ್ ಎಂದಿಟ್ಟುಕೊಳ್ಳಿ. ಗಾಣಗಾಪುರದ ಕಡೆಗೆ ಹೊರಳುವ ನಮ್ಮ ಕ್ರಾಸಿನಲ್ಲಾಗಲಿ, ಬೇರೆಲ್ಲಾಗಲಿ, ಲಂಬಕೋನದ ಒಂದು ತಿರುವಿನಲ್ಲಿ ಹೊರಚಕ್ರವು ಸುಮಾರು 2.2 ಮೀಟರ್ ಹೆಚ್ಚು ಓಡುತ್ತದೆ. ತಿರುವು ದೊಡ್ಡದಿರಲಿ, ಚಿಕ್ಕದಿರಲಿ, ಉತ್ತರ ಅದೇ. (ಪೈ ಬೆಲೆಯನ್ನು ಎರಡರಿಂದ ಭಾಗಿಸಿ 1.4ರಿಂದ ಗುಣಿಸಿ; ನಿಮ್ಮ ಮಕ್ಕಳಿಂದ ಮಾಡಿಸಿರಿ.) ಎರಡೂ ಚಕ್ರಗಳನ್ನು ಒಂದೇ ಸರಳಿಗೆ ಬಿಗಿದಿದ್ದರೆ ಪ್ರತಿ ತಿರುವಿನಲ್ಲೂ ಟೈರು ನೆಲಕ್ಕೆ ಉಜ್ಜಬೇಕಾಗುತ್ತಿತ್ತು. ಎರಡಕ್ಕೂ ಎಂಜಿನ್ನಿನ ಶಕ್ತಿಯನ್ನು ಮುಟ್ಟಿಸಿ, ವೇಗದಲ್ಲಿ ಮಾತ್ರ ಭೇದಕ್ಕೆ ಅವಕಾಶ ಕೊಡುವ ಹಲ್ಲುಚಕ್ರಗಳ ಕೂಟವೇ ಡಿಫರೆನ್ಶಿಯಲ್. ಫ್ರಾನ್ಸಿನ ಒನೆಸಿಫೋರ್ ಪೆಕರ್ ಎಂಬಾತ 1827ರಲ್ಲಿ ಇದನ್ನು ಉಗಿಗಾಡಿಗಾಗಿ ರೂಪಿಸಿದ. ಎರಡು ಶತಮಾನಗಳಾಗುತ್ತ ಬಂದರೂ ತತ್ತ್ವ ಬದಲಾಗಿಲ್ಲ. ಇಷ್ಟು ದೀರ್ಘಕಾಲ ಬಾಳಿದ ಯಂತ್ರವೊಂದು ನಮ್ಮ ಊರಿನ ಒಂದು ಗಾಡಿಯಲ್ಲಿ ಮಾತ್ರ ವರ್ಷಕ್ಕೊಮ್ಮೆ ಸಾಯುತ್ತಿದ್ದರೆ, ಯಂತ್ರವನ್ನು ದೂರುವ ಮುನ್ನ ತುಸು ಯೋಚಿಸುವುದು ಲೇಸು.

ಕೆಳಗಿನ ಬೋಲ್ಟ್ ಬಿಚ್ಚಿದಾಗ ಎಣ್ಣೆ ಸುರಿಯಲಿಲ್ಲ. ಕಾಡಿಗೆಯಂತಹ ಮಂದ ದ್ರವ ತೊಟ್ಟಿಕ್ಕಿತು. ಒಂದು ಲೋಟವೂ ತುಂಬಲಿಲ್ಲ. ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದರೆ ಉಕ್ಕಿನ ಪುಡಿ ಮಿನುಗುತ್ತಿತ್ತು. ಪಿನಿಯನ್ನಿನ ಸೀಲು ಒಸರಿ ಒಸರಿ ಒಳಗಿನ ಎಣ್ಣೆಯೆಲ್ಲ ರಸ್ತೆಯ ಪಾಲಾಗಿತ್ತು. ಸೀಲು ಏಕೆ ಒಸರಿತು? ಅಚ್ಚಿನ ಮೇಲ್ಭಾಗದಲ್ಲಿ ಬ್ರೀದರ್ ಎಂಬ ಪುಟ್ಟ ಉಸಿರುದಾರಿ ಇರುತ್ತದೆ. ನಮ್ಮ ಎರೆಮಣ್ಣಿನ ಧೂಳು ಅದನ್ನು ಗಾರೆಯಂತೆ ಮುಚ್ಚಿಬಿಟ್ಟಿತ್ತು. ಒಳಗಿನ ಗಾಳಿ ಕಾದು ಹಿಗ್ಗಿದಾಗ ಹೊರಹೋಗಲು ದಾರಿ ಕಾಣದೆ ಎಣ್ಣೆಯನ್ನು ಸೀಲಿನ ಮೂಲಕ ನೂಕುತ್ತದೆ. ಹಿಂದಿನ ಎರಡು ಸಲವೂ ಡಿಫರೆನ್ಶಿಯಲ್ ಬದಲಾಯಿಸಿದವರು ಆ ರಂಧ್ರಕ್ಕೆ ಒಂದು ತಂತಿ ಚುಚ್ಚಿ ನೋಡಿರಲಿಲ್ಲ. ಅಂದರೆ, ಹೊಸಬನನ್ನೂ ಹಳೆಯ ಕೊಲೆಗಾರನ ಕೋಣೆಗೇ ಕಳಿಸಿದ್ದರು.

ಒಳಗಿನ ಚಿಕ್ಕ ಹಲ್ಲುಚಕ್ರಗಳನ್ನು ಹೊತ್ತ ಅಡ್ಡಪಿನ್ನು ಸುಟ್ಟು ನೀಲಿಯಾಗಿತ್ತು. ಇದರ ಕಥೆ ಮಳೆಗಾಲದ್ದು. ಎರೆಹೊಲದಲ್ಲಿ ಒಂದು ಚಕ್ರ ಕೆಸರಿಗೆ ಸಿಕ್ಕು ಗಿರಗಿರನೆ ತಿರುಗುತ್ತದೆ, ಇನ್ನೊಂದು ಕದಲದೆ ನಿಂತಿರುತ್ತದೆ. ಆಗ ತಿರುಗುವ ಚಕ್ರದ ವೇಗ ಕ್ರೌನ್ ಚಕ್ರದ ವೇಗದ ಎರಡರಷ್ಟು. ತಿರುವಿನಲ್ಲಿ ಕ್ಷಣಕಾಲ ನಿಧಾನವಾಗಿ ಹೊರಳಲೆಂದು ಮಾಡಿದ ಪುಟ್ಟ ಹಲ್ಲುಚಕ್ರಗಳು ಎಣ್ಣೆಯಿಲ್ಲದೆ ಬುಗುರಿಯಂತೆ ಸುತ್ತುತ್ತವೆ. ಚಾಲಕನಾದರೋ ಆಕ್ಸಿಲರೇಟರನ್ನು ಇನ್ನಷ್ಟು ತುಳಿಯುತ್ತಾನೆ. ಇಳಿದು ನಾಲ್ಕು ಹಿಡಿ ತೊಗರಿಕಟ್ಟಿಗೆ ಚಕ್ರದಡಿ ಹಾಕಿದರೆ ಸಾಕಾದೀತು.

ಗಾಡಿಯೂ ಸುಮ್ಮನಿರಲಿಲ್ಲ. ಮೂರು ತಿಂಗಳಿನಿಂದ ಆಕ್ಸಿಲರೇಟರ್ ತುಳಿದಾಗ ಗುಂಯ್ ಎನ್ನುತ್ತಿತ್ತು, ಗೇರು ಬದಲಿಸಿದಾಗ ಟಕ್ಕೆನ್ನುತ್ತಿತ್ತು. ನಮ್ಮ ಹುಡುಗ ಹಾಡಿನ ಧ್ವನಿ ಏರಿಸಿಕೊಂಡ.

ಇನ್ನು ರಿಪೇರಿಯ ರೀತಿ. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಪರಸ್ಪರ ಉಜ್ಜಿ ಹೊಂದಿಸಿದ ಜೋಡಿ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸುವಂತಿಲ್ಲ. ಕೂಡಿಸುವಾಗ ಹಲ್ಲುಗಳ ನಡುವಿನ ಸಡಿಲವನ್ನು ಡಯಲ್ ಗೇಜಿನಿಂದ ಅಳೆಯಬೇಕು, ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ ಗುರುತು ಎಲ್ಲಿ ಬೀಳುತ್ತದೆಂದು ನೋಡಬೇಕು, ತೆಳು ಶಿಮ್ ಹಾಕಿ ಸರಿಪಡಿಸಬೇಕು. ನಮ್ಮಲ್ಲಿ ನಡೆಯುವುದೇನು? ಗುಜರಿಯಿಂದ ಇಡೀ ಗುಂಡು ತಂದು ಬಿಗಿಯುತ್ತಾರೆ. ಅದರ ಹಲ್ಲಿನ ಸಂಖ್ಯೆ ಹಳೆಯದರಷ್ಟೇ ಇದೆಯೇ ಎಂದು ಎಣಿಸುವವರೂ ಇಲ್ಲ. ಮಿಸ್ತ್ರಿಯನ್ನು ನಾನು ಹೆಚ್ಚು ಬೈಯಲಾರೆ. ಸಂಜೆಯೊಳಗೆ ಗಾಡಿ ಬೇಕು, ಅಗ್ಗವಾಗಿ ಬೇಕು ಎಂದು ಅವಸರಿಸುವವರು ನಾವೇ.

ಆದರೆ ಮೂಲ ರೋಗ ಬೇರೆಯೇ ಇದೆ. ಆ ಗಾಡಿ ಹೊರಬೇಕಾದ ಸರಕು ಒಂದೂವರೆ ಟನ್ನಿನ ಆಸುಪಾಸು. ಹೊರುತ್ತಿದ್ದುದು ಮೂರು ಟನ್. ಗಾಡಿಯ ಸ್ವಂತ ತೂಕವನ್ನೂ ಸೇರಿಸಿದರೆ ಒಟ್ಟು ಭಾರ ಸುಮಾರು ಒಂದೂವರೆ ಪಟ್ಟಾಯಿತು. “ಅಷ್ಟೇ ತಾನೆ, ಆಯುಷ್ಯ ಮೂರನೇ ಒಂದು ಭಾಗ ಕಡಿಮೆಯಾದೀತು” ಎನ್ನಬೇಡಿ. ರೋಲರ್ ಬೇರಿಂಗಿನ ಲೆಕ್ಕ ಹಾಗಿಲ್ಲ. ಒತ್ತಡ ಒಂದೂವರೆ ಪಟ್ಟಾದರೆ ಆಯುಷ್ಯ ಸುಮಾರು ಕಾಲುಭಾಗಕ್ಕಿಳಿಯುತ್ತದೆ. ಇಮ್ಮಡಿಯಾದರೆ ಹತ್ತನೇ ಒಂದಕ್ಕೆ. ಹನ್ನೆರಡು ವರ್ಷ ಬಾಳಬೇಕಾದದ್ದು ಮೂರು ವರ್ಷಕ್ಕೆ ಮುಗಿಯುವುದು ಇದರಿಂದ. ಅದರ ಮೇಲೆ ಎಣ್ಣೆಯೂ ಇಲ್ಲವೆಂದರೆ ಕೇಳುವುದೇನು!

“ಕಡಿಮೆ ಹೇರಿದರೆ ಬಾಡಿಗೆ ಸಿಗೂದಿಲ್ರಿ ಸರ” ಎನ್ನುತ್ತಾರೆ ಗಾಡಿಯವರು. ಇದು ನಿಜ, ಇದೊಂದೇ ನಿಜ. ಆದ್ದರಿಂದಲೇ ನನ್ನ ಜಗಳ ಅವರೊಡನೆ ಅಲ್ಲ. ಬಾಡಿಗೆ ಕೊಡುವ ನಮ್ಮೊಡನೆ. ನಾವು ಕ್ವಿಂಟಾಲಿಗೆ ದರ ಕಟ್ಟುವುದಿಲ್ಲ, ಟ್ರಿಪ್ಪಿಗೆ ಕಟ್ಟುತ್ತೇವೆ. ಹೆಚ್ಚು ಹೇರಿದಷ್ಟೂ ಉಳಿತಾಯ ನಮ್ಮದು, ಸವೆತ ಅವನದು. ಎರಡು ವರ್ಷಗಳ ಹಿಂದಿನ ಜನವರಿಯಲ್ಲಿ ನಮ್ಮ ಹೊಲದ ಮೂವತ್ತು ಕ್ವಿಂಟಾಲ್ ತೊಗರಿಯನ್ನು ಇದೇ ಹುಡುಗನ ಗಾಡಿಗೆ ಒಂದೇ ಸಲಕ್ಕೆ ಹೇರಿ ಕಲಬುರಗಿಯ ಎಪಿಎಂಸಿಗೆ ಕಳಿಸಿದವನು ನಾನು. “ಸರ, ಎರಡು ಟ್ರಿಪ್ ಮಾಡೂನ್ರಿ” ಎಂದಿದ್ದ. “ಹತ್ತತದ ಬಿಡೋ” ಎಂದಿದ್ದೆ. ಮಾಸ್ತರರ ಮಾತಿಗೆ ಎದುರಾಡಬಾರದೆಂದು ಕಲಿಸಿದವನೂ ನಾನೇ ಅಲ್ಲವೇ? ಗ್ಯಾರೇಜಿನ ಮುಂದೆ ಬಾಯಿ ಬರದಿದ್ದುದಕ್ಕೆ ಕಾರಣ ಇದು.

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ 194ನೇ ಕಲಮಿನಲ್ಲಿ ಅತಿಭಾರಕ್ಕೆ 20,000 ರೂಪಾಯಿ, ಹೆಚ್ಚುವರಿ ಪ್ರತಿ ಟನ್ನಿಗೆ ಮತ್ತೆ 2,000 ರೂಪಾಯಿ ದಂಡವಿದೆ. ಆ ಕಲಮನ್ನು ಪೂರ್ತಿ ಓದಿರಿ: ಓಡಿಸುವವನಷ್ಟೇ ಅಲ್ಲ, ಹಾಗೆ ಓಡಿಸಲು ಕಾರಣನಾದವನೂ ಅದರಲ್ಲಿ ಸೇರಿದ್ದಾನೆ. ಆ ಜನವರಿಯಲ್ಲಿ ಅಪರಾಧಿ ಹಿಂದಿನ ಸೀಟಿಗೂ ಹತ್ತಿರಲಿಲ್ಲ. ಮನೆಯ ಕಟ್ಟೆಯ ಮೇಲೆ ಪತ್ರಿಕೆ ಓದುತ್ತಿದ್ದ.

ಹಣದ ಮಾತನ್ನು ಬಿಡೋಣ. ಒಣಗಿದ ಡಿಫರೆನ್ಶಿಯಲ್ ಸದಾ ಗ್ಯಾರೇಜಿನ ಸಮೀಪದಲ್ಲೇ ಸಾಯುವುದಿಲ್ಲ. ಓಟದಲ್ಲಿ ಹಲ್ಲು ಮುರಿದು ಸಿಕ್ಕಿಕೊಂಡರೆ ಹಿಂದಿನ ಚಕ್ರಗಳು ಒಮ್ಮೆಲೇ ಬಿಗಿದು ಗಾಡಿ ಅಡ್ಡ ಹೊರಳುತ್ತದೆ. ಹುಣ್ಣಿಮೆಗೆ ಗಾಣಗಾಪುರಕ್ಕೆ, ಕಳೆ ತೆಗೆಯಲು ಪಕ್ಕದೂರಿಗೆ, ಮದುವೆಗೆ ಎಂದು ಇದೇ ಗಾಡಿಗಳ ಹಿಂದೆ ನಿಂತು ಹೋಗುವವರು ಯಾರು? ನಮ್ಮ ಮನೆಯ ಹೆಣ್ಣುಮಕ್ಕಳು, ಮೊಮ್ಮಕ್ಕಳು. ಸರಕಿನ ಗಾಡಿಯಲ್ಲಿ ಜನರನ್ನು ತುಂಬುವುದೇ ತಪ್ಪು. ಇಂಥ ಅಚ್ಚಿನ ಮೇಲೆ ತುಂಬುವುದಕ್ಕೆ ಯಾವ ಹೆಸರಿಡಬೇಕೋ ತಿಳಿಯದು.

ಈ ಸಲ ಹೊಸ ಜೋಡಿಯನ್ನೇ ಹಾಕಿಸಿದೆವು. ಹಲ್ಲಿಗೆ ಬಣ್ಣ ಬಳಿದು ನೋಡುವವರೆಗೆ ನಾನು ಕಲ್ಲಿನಿಂದ ಏಳಲಿಲ್ಲ, ಮಿಸ್ತ್ರಿಗೆ ಬೇಸರವಾಗಿರಬೇಕು. ಬ್ರೀದರಿಗೆ ತಂತಿ ಚುಚ್ಚಿದವನು ನಾನೇ. ಖರ್ಚಿನಲ್ಲಿ ನನ್ನ ಪಾಲು ಕೊಡಲು ಹೋದರೆ ಹುಡುಗ ತೆಗೆದುಕೊಳ್ಳಲಿಲ್ಲ. ಆತನ ಎರಡು ತಿಂಗಳ ಕಂತು ಬಾಕಿ ಬಿದ್ದಿದೆಯೆಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಬರುವ ರಾಶಿಗೆ ನಮ್ಮ ಹೊಲದ ತೊಗರಿ ಹದಿನೈದು ಕ್ವಿಂಟಾಲಿನಂತೆ, ಕ್ವಿಂಟಾಲಿನ ದರದಲ್ಲಿ, ಎರಡು ಟ್ರಿಪ್ಪಿನಲ್ಲಿ ಹೋಗುವುದೆಂದು ಮನೆಯಲ್ಲಿ ಹೇಳಿದ್ದೇನೆ. ನನ್ನ ತಮ್ಮನಿಗೆ ಇದು ದುಂದುಗಾರಿಕೆಯೆನಿಸಿದೆ. ಆತನೂ ಇದನ್ನು ಓದುತ್ತಾನೆಂದು ಬಲ್ಲೆ. ಬೇರಿಂಗಿನ ಲೆಕ್ಕದಲ್ಲಿ ತಪ್ಪಿದ್ದರೆ ತೋರಿಸಲಿ. ಎರಡನೆಯ ಟ್ರಿಪ್ಪಿನ ಬಾಡಿಗೆ ನನ್ನ ಪಿಂಚಣಿಯಿಂದ ಹೋಗುತ್ತದೆ.