ಮೆಲುದನಿಯ ಪಾಠ

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಬೆಳೆಯುವ ಮಗುವಿಗೆ ಸದ್ದಿನ ಕೊರತೆಯಿಲ್ಲ. ಲಕ್ಷ್ಮೀನರಸಿಂಹ ದೇವಾಲಯದ ಗಂಟೆ, ರೈಲಿನ ಕೂಗು, ಬಸ್ಸು-ಲಾರಿಗಳ ಹಾರನ್ನು ಬೇಡವೆಂದರೂ ಕಿವಿಗೆ ಬೀಳುತ್ತವೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಯ ಸುತ್ತ ಬೆಳೆದ ಊರಿಗೆ ಗದ್ದಲ ಹೊಸದೂ ಅಲ್ಲ. ಆದರೆ ಭದ್ರಾ ಹೊಳೆಯ ಜುಳುಜುಳು, ಅಂಗಳ ಗುಡಿಸುವ ಪೊರಕೆಯ ಸರಸರ, ಗೋಡೆ ಗಡಿಯಾರದ ಟಿಕ್ ಟಿಕ್ ಕೂಡ ಅದೇ ಊರಿನವು. ಜೋರು ಸದ್ದು ತಾನೇ ಬಂದು ಕಿವಿ ಹಿಂಡುತ್ತದೆ. ಮೆಲ್ಲನೆಯ ಸದ್ದಿನತ್ತ ಮಗುವಿನ ಗಮನವನ್ನು ಹಿರಿಯರೇ ತಿರುಗಿಸಬೇಕು.

ಮೂರರಿಂದ ಆರು ವರ್ಷದ ಮಕ್ಕಳಿಗೆ ಇಲ್ಲೊಂದು ತೊಡಕಿದೆ. ‘ಮೆಲ್ಲಗೆ ಹೇಳು’ ಎಂದರೆ ಕೆಲವರು ದನಿಯನ್ನು ಕೀರಲು ಮಾಡುತ್ತಾರೆ. ‘ಜೋರಾಗಿ’ ಎಂದರೆ ದಪ್ಪ ದನಿ ತೆಗೆಯುತ್ತಾರೆ. ದೊಡ್ಡವರೂ ಎರಡಕ್ಕೂ ‘ದನಿ ಏರಿಸು, ದನಿ ಇಳಿಸು’ ಎಂದೇ ಹೇಳುವುದರಿಂದ ತಪ್ಪು ಮಕ್ಕಳದ್ದಲ್ಲ. ವಸ್ತು ಎಷ್ಟು ಬೇಗ ಬೇಗ ಕಂಪಿಸುತ್ತದೆ ಎಂಬುದರಿಂದ ದನಿ ಕೀರಲೋ ದಪ್ಪವೋ ಆಗುತ್ತದೆ. ಎಷ್ಟು ಬಲವಾಗಿ ಕಂಪಿಸುತ್ತದೆ ಎಂಬುದರಿಂದ ಸದ್ದು ಜೋರೋ ಮೆಲುವೋ ಆಗುತ್ತದೆ. ಸೊಳ್ಳೆಯ ಗುಂಯ್‌ಗುಡುವ ದನಿ ಕೀರಲು, ಆದರೆ ಮೆಲು. ಡೊಳ್ಳಿನ ಸದ್ದು ದಪ್ಪ, ಆದರೆ ಬಲು ಜೋರು. ಮಗುವಿಗೆ ಈ ಎರಡು ಉದಾಹರಣೆ ಸಾಕು. ರೇಡಿಯೊದಲ್ಲಿ ಆಕಾಶವಾಣಿ ಭದ್ರಾವತಿಯ ಹಾಡೊಂದು ಬರುವಾಗ ಗುಂಡಿಯನ್ನು ಮಗುವೇ ತಿರುಗಿಸಲಿ. ಹಾಡು ಅದೇ, ಗಾಯಕರು ಅವರೇ. ಬದಲಾದದ್ದು ಸದ್ದಿನ ಬಲ ಮಾತ್ರ ಎಂಬುದು ಅದಕ್ಕೆ ತಾನಾಗಿ ತಿಳಿಯುತ್ತದೆ.

ಕಣ್ಣಿಗೆ ಕಾಣುವಂತೆ ತೋರಿಸುವ ಉಪಾಯವೂ ಇದೆ. ಪಾತ್ರೆಯೊಂದರ ಬಾಯಿಗೆ ಪ್ಲಾಸ್ಟಿಕ್ ಹಾಳೆಯನ್ನು ಬಿಗಿದು ಕಟ್ಟಿ, ಮೇಲೆ ನಾಲ್ಕು ಅಕ್ಕಿಕಾಳು ಹಾಕಿ. ಪಕ್ಕದಲ್ಲಿ ತಟ್ಟೆಯನ್ನು ಸೌಟಿನಿಂದ ಮೆಲ್ಲಗೆ ತಟ್ಟಿದರೆ ಕಾಳು ಅಲುಗದು. ಜೋರಾಗಿ ಬಡಿದರೆ ಕುಣಿಯುತ್ತದೆ.

ಮರಿಯಾ ಮಾಂಟೆಸೊರಿ 1939ರಲ್ಲಿ ಭಾರತಕ್ಕೆ ಬಂದು ಇಲ್ಲಿನ ಶಿಕ್ಷಕರಿಗೆ ತರಬೇತಿ ನೀಡಿದರು. ಅವರ ಪದ್ಧತಿಯಲ್ಲಿ ಆರಾರು ಡಬ್ಬಿಗಳ ಎರಡು ಜೊತೆ ಇರುತ್ತವೆ. ಅಲ್ಲಾಡಿಸಿ ನೋಡಿ, ಒಂದೇ ಸದ್ದಿನವನ್ನು ಜೋಡಿಸಬೇಕು; ಬಳಿಕ ಜೋರಿನಿಂದ ಮೆಲುವಿನವರೆಗೆ ಸಾಲಾಗಿ ಇಡಬೇಕು. ಮನೆಯಲ್ಲಿ ಇದಕ್ಕೆ ಖರ್ಚಿಲ್ಲ. ಒಂದೇ ಅಳತೆಯ ಖಾಲಿ ಡಬ್ಬಿಗಳಲ್ಲಿ ರವೆ, ರಾಗಿ, ಅಕ್ಕಿ, ಹುಣಸೆ ಬೀಜ ಹಾಕಿ ಮುಚ್ಚಿದರಾಯಿತು.

ಆ ಪದ್ಧತಿಯ ಇನ್ನೊಂದು ಆಟ ‘ಮೌನ’. ಮಕ್ಕಳೆಲ್ಲ ಸದ್ದಿಲ್ಲದೆ ಕುಳಿತಿರುತ್ತಾರೆ. ಶಿಕ್ಷಕಿ ಹಿಂದಿನಿಂದ ಒಬ್ಬೊಬ್ಬರ ಹೆಸರನ್ನೂ ಪಿಸುಮಾತಿನಲ್ಲಿ ಕರೆಯುತ್ತಾರೆ. ಹೆಸರು ಕೇಳಿದ ಮಗು ಹೆಜ್ಜೆಯ ಸಪ್ಪಳವಾಗದಂತೆ ಎದ್ದು ಬರಬೇಕು. ಗದರಿಸಿ ತರಲಾಗದ ಶಿಸ್ತು ಈ ಆಟದಲ್ಲಿ ನಗುನಗುತ್ತಾ ಬರುತ್ತದೆ.

ಆದರೆ ಒಂದು ಮಗು ಏಳದೇ ಹೋದರೆ? ಹಿರಿಯರು ಎಚ್ಚರಗೊಳ್ಳಬೇಕಾದದ್ದು ಇಲ್ಲಿ. ‘ಕೇಳಿಸಿದರೂ ಕೇಳಿಸದ ಹಾಗೆ ಇರ್ತಾನೆ’, ‘ಬರೀ ಹಟ’ ಎಂಬ ದೂರು ಎಷ್ಟೋ ಮನೆಗಳಲ್ಲಿದೆ. ನೆಗಡಿಯಾದ ನಂತರ ನಡುಗಿವಿಯಲ್ಲಿ ದ್ರವ ನಿಲ್ಲುವುದು ಚಿಕ್ಕ ಮಕ್ಕಳಲ್ಲಿ ಸಾಮಾನ್ಯ. ನೋವಿರದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಕೂಗಿದರೆ ಮಗು ತಿರುಗುತ್ತದೆ, ಹಾಗಾಗಿ ಕಿವಿ ಸರಿಯಿದೆ ಎಂದೇ ಎಲ್ಲರೂ ಭಾವಿಸುತ್ತಾರೆ. ಅದಕ್ಕೆ ತಪ್ಪಿ ಹೋಗುವುದು ಮೆಲ್ಲನೆಯ ಸದ್ದುಗಳು: ‘ಸ’, ‘ತ’, ‘ಕ’ದಂತಹ ವ್ಯಂಜನಗಳು, ವಾಕ್ಯದ ಕೊನೆಯ ಮಾತು. ಮುಂದೆ ಅದೇ ಮಗು ಉಕ್ತಲೇಖನದಲ್ಲಿ ಅಕ್ಷರ ಬಿಟ್ಟು ಬರೆದು ಏಟು ತಿನ್ನುವುದುಂಟು!

ತಾಯಿ ಒಂದು ಮಾರು ಹಿಂದೆ ನಿಂತು, ಮುಖ ಕಾಣಿಸದಂತೆ, ‘ದೋಸೆ ಬೇಕಾ?’ ಎಂದು ಪಿಸುಗುಟ್ಟಿ ನೋಡಲಿ. ಬೇರೆ ಬೇರೆ ದಿನ ಕೇಳಿದರೂ ಮಗು ತಿರುಗದಿದ್ದರೆ ಬೈಗುಳ ಬೇಡ, ವೈದ್ಯರ ಬಳಿ ಹೋಗುವುದು ಲೇಸು. ನಿಂತ ದ್ರವ ಎಷ್ಟೋ ಮಕ್ಕಳಲ್ಲಿ ಸುಮಾರು ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ, ಇಂಗದಿದ್ದರೆ ಚಿಕಿತ್ಸೆಯಿದೆ. ಹತ್ತಿರದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಕಿವಿ-ಮೂಗು-ಗಂಟಲು ವಿಭಾಗವಿದೆ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಮೈಸೂರಿನಲ್ಲಿದೆ.

ದೊಡ್ಡ ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಪಿಸುಮಾತು ಸುಮಾರು 30 ಡೆಸಿಬೆಲ್, ಸಾಧಾರಣ ಮಾತುಕತೆ 60. ಪ್ರತಿ 10 ಡೆಸಿಬೆಲ್ ಏರಿದಂತೆ ಸದ್ದಿನ ಶಕ್ತಿ 10 ಪಟ್ಟಾಗುತ್ತದೆ. ಎಂದರೆ ಮಾತು ಪಿಸುಮಾತಿಗಿಂತ 1000 ಪಟ್ಟು ಬಲವಾದದ್ದು. ಇಷ್ಟು ಅಂತರವನ್ನು ಸಲೀಸಾಗಿ ಸಂಭಾಳಿಸುವುದು ಕಿವಿಯ ಹೆಚ್ಚುಗಾರಿಕೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45.

ಬೀದಿಯ ಗದ್ದಲ ಪೋಷಕರ ಕೈಯಲ್ಲಿಲ್ಲ, ಮನೆಯದು ಇದೆ. ದಿನಕ್ಕೆ ಹತ್ತು ನಿಮಿಷ ಟಿ.ವಿ. ಆರಿಸಿ, ಮಗುವಿನ ಜೊತೆ ಸುಮ್ಮನೆ ಕುಳಿತು, ಏನೇನು ಕೇಳಿಸಿತು ಎಂದು ವಿಚಾರಿಸಬಹುದು. ಕೂಗಿ ಕರೆಯುವ ಮನೆಯ ಮಕ್ಕಳು ಕೂಗಿಗಷ್ಟೇ ಓಗೊಡಲು ಕಲಿಯುತ್ತಾರೆ. ಹಿರಿಯರು ಮೆಲ್ಲಗೆ ಮಾತನಾಡುವ ಮನೆಯಲ್ಲಿ, ಮೆಲುದನಿ ಕೇಳಿಸದ ಮಗುವೊಂದಿದ್ದರೆ ಅದೂ ಬೇಗ ಗಮನಕ್ಕೆ ಬರುತ್ತದೆ.