ಹೆಸರು ಗೊತ್ತಿತ್ತು, ಗುರುತು ಗೊತ್ತಿರಲಿಲ್ಲ

ಬಿ.ಎಸ್ಸಿ ಎರಡನೇ ವರ್ಷದ ಪ್ರಾಣಿಶಾಸ್ತ್ರ ಪರೀಕ್ಷೆಯಲ್ಲಿ ‘ಜೈವಿಕ ನಿಯಂತ್ರಣಕ್ಕೆ ಬಳಸುವ ಒಂದು ಪರಭಕ್ಷಕ ಕೀಟವನ್ನು ಹೆಸರಿಸಿ’ ಎಂಬ ಪ್ರಶ್ನೆ ಬಂದಿತ್ತು. ‘ಕ್ರಿಪ್ಟೊಲೀಮಸ್ ಮಾಂಟ್ರೂಜಿಯರಿ’ ಎಂದು ಬರೆದೆ. ಪೂರ್ತಿ ಅಂಕ ಬಂತು. ಅದೇ ಬೇಸಿಗೆ ರಜೆಯಲ್ಲಿ ಊರಿಗೆ ಹೋದವನು ನಮ್ಮ ತೋಟದಲ್ಲಿ ಅದೇ ಕೀಟವನ್ನು ಕೈಯಾರೆ ಕೊಂದೆ.

ಕೊಡಗಿನಲ್ಲಿ ನಮ್ಮದು ಮೂರು ಎಕರೆ ರೋಬಸ್ಟಾ ಕಾಫಿ. ಆ ವರ್ಷ ಹೂ ಮುಗಿದು ಮಿಡಿ ಕಚ್ಚುವ ಹೊತ್ತಿಗೆ ಗೊಂಚಲುಗಳ ಮೇಲೆಲ್ಲ ಬಿಳಿ ಹಿಟ್ಟು ಚೆಲ್ಲಿದಂತೆ ಹಿಟ್ಟು ತಿಗಣೆ ಬಂದಿತ್ತು. ‘ಓದಿದವನಲ್ವಾ, ಏನು ಹೊಡೀಬೇಕು ನೋಡು’ ಎಂದರು ಅಪ್ಪ. ಒಂದು ರೆಂಬೆ ಕತ್ತರಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಪೇಟೆಯ ಗೊಬ್ಬರದ ಅಂಗಡಿಗೆ ಹೋದೆ. ಅಂಗಡಿಯವರು ಕವರ್ ಬಿಚ್ಚಲೂ ಇಲ್ಲ, ಬಾಟಲಿ ಕೊಟ್ಟರು. ಎರಡು ದಿನ ಪಂಪು ಹೊತ್ತು ಹೊಡೆದೆವು. ತಿಂಗಳು ಕಳೆಯುವಷ್ಟರಲ್ಲಿ ತಿಗಣೆ ಮೊದಲಿಗಿಂತ ಜಾಸ್ತಿಯಾಗಿತ್ತು.

ಔಷಧಿ ಹೊಡೆಯುವ ಮೊದಲು ಮೊಬೈಲಿನಲ್ಲಿ ತೆಗೆದಿದ್ದ ಫೋಟೊಗಳನ್ನು ಕಾಲೇಜಿನ ಮೇಡಂಗೆ ತೋರಿಸಿದೆ. ಅವರು ದೊಡ್ಡದು ಮಾಡಿ ನೋಡಿ, ‘ಈ ಉದ್ದದ್ದು ತಿಗಣೆ ಅಲ್ಲ ಕಣಪ್ಪ, ತಿಗಣೆ ತಿನ್ನೋ ಹುಳದ ಮರಿ’ ಎಂದರು.

ಕ್ರಿಪ್ಟೊಲೀಮಸ್ ಗುಲಗಂಜಿ ಹುಳದ ಜಾತಿಯದು. ಬೆಳೆದ ದುಂಬಿ ಮೆಣಸಿನ ಕಾಳಿನಷ್ಟಿರುತ್ತದೆ. ಕಪ್ಪು ಮೈ, ಕಿತ್ತಳೆ ಬಣ್ಣದ ತಲೆ. ಗುರುತಿಸುವುದು ಸುಲಭ. ಮರಿಯದೇ ಪೇಚು. ಮೈತುಂಬ ಬಿಳಿ ಮೇಣದ ಎಳೆ ಹೊದ್ದು ಹಿಟ್ಟು ತಿಗಣೆಯ ವೇಷದಲ್ಲೇ ತಿಗಣೆಗಳ ನಡುವೆ ಕುಳಿತು ಅವುಗಳ ಮೊಟ್ಟೆ, ಮರಿಗಳನ್ನು ಮುಕ್ಕುತ್ತದೆ. ತಿಗಣೆಯ ಅಂಟು ಸಿಹಿಗಾಗಿ ಅದನ್ನು ಕಾಯುವ ಇರುವೆಗಳೂ ಈ ವೇಷಕ್ಕೆ ಮೋಸ ಹೋಗುವುದುಂಟು. ನಾನೂ ಹೋದೆ. ಬಲಿತ ಮರಿ ತಿಗಣೆಗಿಂತ ಎರಡು ಮೂರು ಪಟ್ಟು ಉದ್ದ ಇರುತ್ತದೆ. ಕಡ್ಡಿಯಿಂದ ಮುಟ್ಟಿದರೆ ಸರಸರನೆ ಓಡುತ್ತದೆ. ಒಂದು ನಿಮಿಷ ನಿಂತು ನೋಡಿದ್ದರೆ ತಿಳಿಯುತ್ತಿತ್ತು.

ಈ ದುಂಬಿ ನಮ್ಮ ದೇಶದ್ದಲ್ಲ. 1898ರಲ್ಲಿ ಕಾಫಿಯ ಹಸಿರು ಶಲ್ಕ ಕೀಟವನ್ನು ತಿನ್ನಲಿ ಎಂದು ಆಸ್ಟ್ರೇಲಿಯಾದಿಂದ ದಕ್ಷಿಣ ಭಾರತಕ್ಕೆ ತಂದರು. ಕರೆಸಿದ ಕೆಲಸವನ್ನು ಅದು ಮಾಡಲಿಲ್ಲ. ಹಿಟ್ಟು ತಿಗಣೆ ರುಚಿಸಿತು, ಇಲ್ಲೇ ಉಳಿಯಿತು. ಈಗ ಸಿಹಿಗುಂಬಳಕಾಯಿಯ ಮೇಲೆ ತಿಗಣೆ ಬೆಳೆಸಿ, ಆ ತಿಗಣೆ ತಿನ್ನಿಸಿ ಈ ದುಂಬಿಯನ್ನು ಸಾಕುತ್ತಾರೆ. ದ್ರಾಕ್ಷಿ, ಸೀಬೆ, ಕಾಫಿ ತೋಟಗಳಿಗೆ ಬಿಡುತ್ತಾರೆ.

ಹಾಗೆಂದು ಎಲ್ಲದಕ್ಕೂ ಒಂದು ದುಂಬಿ ಬಿಟ್ಟರಾಯಿತು ಎನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ನಮ್ಮ ತೋಟದಲ್ಲೇ ಇನ್ನೊಬ್ಬ ಪರದೇಶಿ ಇದ್ದಾನೆ, ಕರೆಯದೆ ಬಂದವನು. ಆಫ್ರಿಕಾ ಮೂಲದ ಕಾಯಿಕೊರಕ, ನಮ್ಮವರ ಬಾಯಲ್ಲಿ ‘ಬೆರ್ರಿ ಬೋರರ್’. ಸೊಂಡಿಲು ಹುಳಗಳ ಕುಟುಂಬಕ್ಕೆ ಸೇರಿದ ಇದು ಎರಡು ಮಿಲಿಮೀಟರ್ ಕೂಡ ಇಲ್ಲ. 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಾಣಿಸಿಕೊಂಡು ನಂತರ ಕೊಡಗಿಗೂ ಹಬ್ಬಿತು. ಹೆಣ್ಣು ಹುಳ ಕಾಯಿಯ ತುದಿಯಲ್ಲಿ ತೂತು ಕೊರೆದು ಒಳಗೇ ಮೊಟ್ಟೆ ಇಡುತ್ತದೆ. ಮರಿಗಳು ಬೀಜ ತಿಂದು ಅಲ್ಲೇ ಬೆಳೆಯುತ್ತವೆ. ಕಾಯಿಯೊಳಗೆ ಬಾಗಿಲು ಹಾಕಿಕೊಂಡವನ ಹತ್ತಿರಕ್ಕೆ ನಮ್ಮ ಗುಲಗಂಜಿ ಹುಳವೂ ಹೋಗದು, ಬಾಟಲಿಯ ವಿಷವೂ ಸರಿಯಾಗಿ ತಲುಪದು. ಹೊರಗೆ ಹಾರಾಡುವ ಹೆಣ್ಣುಗಳನ್ನು ಹಿಡಿಯಲು ‘ಬ್ರೋಕಾ ಟ್ರ್ಯಾಪ್’ ಇದೆ. ಆದರೆ ಮುಖ್ಯ ಮದ್ದು ಬೇರೆ. ಗಿಡದಲ್ಲಿ ಒಂದು ಕಾಯಿಯೂ ಉಳಿಯದಂತೆ ಕೊಯ್ಯುವುದು, ನೆಲಕ್ಕೆ ಉದುರಿದ್ದನ್ನು ಹೆಕ್ಕುವುದು. ಮುಂದಿನ ಬೆಳೆಯವರೆಗೆ ಹುಳ ಬದುಕುವುದೇ ಆ ಉಳಿಕೆಯಲ್ಲಿ. ಆಳು ಸಿಗದ ಈ ಕಾಲದಲ್ಲಿ ಬಗ್ಗಿ ಬಗ್ಗಿ ಹೆಕ್ಕುವುದು ಸುಲಭವಲ್ಲ, ನನ್ನ ಸೊಂಟಕ್ಕೆ ಗೊತ್ತು.

ಅಂದರೆ ಒಂದೇ ತೋಟದಲ್ಲಿ ಒಂದು ಹುಳಕ್ಕೆ ಸುಮ್ಮನಿರುವುದೇ ಮದ್ದು, ಇನ್ನೊಂದಕ್ಕೆ ಕೈಯಾರೆ ಹೆಕ್ಕುವುದು. ಇದನ್ನು ತೀರ್ಮಾನಿಸಬೇಕಾದವರು ಯಾರು? ಬಾಟಲಿ ಮಾರುವವರೇ ರೋಗ ಹೇಳುವ ವ್ಯವಸ್ಥೆಯಲ್ಲಿ ಉತ್ತರ ಪ್ರತಿ ಸಲವೂ ಬಾಟಲಿಯೇ ಆಗಿರುತ್ತದೆ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ, ಅದು ಅವರ ವ್ಯಾಪಾರ. ನನ್ನ ಸಿಟ್ಟು ನನ್ನ ಓದಿನ ಮೇಲೆ. ಮೂರು ವರ್ಷ ಕೀಟಗಳ ಲ್ಯಾಟಿನ್ ಹೆಸರು ಬಾಯಿಪಾಠ ಮಾಡಿದ ನಮ್ಮನ್ನು ಒಂದು ದಿನವೂ ತೋಟದಲ್ಲಿ ನಿಲ್ಲಿಸಲಿಲ್ಲ. ಪ್ರಾಕ್ಟಿಕಲ್ ಎಂದರೆ ಗಾಜಿನ ಪೆಟ್ಟಿಗೆಯಲ್ಲಿ ಗುಂಡುಸೂಜಿ ಚುಚ್ಚಿದ ಒಣ ಹುಳ.

ನನ್ನ ಜೊತೆ ಓದಿದವರು ಈಗ ಬೆಂಗಳೂರಿನ ಪಿ.ಜಿ.ಗಳಲ್ಲಿ ಕುಳಿತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದಾರೆ, ನಾನೂ ಅವರಲ್ಲೊಬ್ಬ. ಹಳ್ಳಿಗೊಬ್ಬರು ವಾರಕ್ಕೊಮ್ಮೆ ತೋಟ ಸುತ್ತಿ ‘ಇದು ಮಿತ್ರ, ಇದು ಶತ್ರು, ಇಲ್ಲಿ ಹೊಡೆಯಬೇಡಿ’ ಎಂದು ಹೇಳುವ ಕೆಲಸಕ್ಕೆ ಯಾಕೆ ಸಂಬಳವಿಲ್ಲ? ಪಂಚಾಯಿತಿಯೋ ಬೆಳೆಗಾರರ ಸಂಘವೋ ಕೊಡಬಹುದು. ಒಂದು ಸುತ್ತು ಔಷಧಿ, ಆಳಿನ ಕೂಲಿ ಉಳಿದರೂ ಆ ಸಂಬಳದಲ್ಲಿ ಒಂದು ಪಾಲು ಹುಟ್ಟುತ್ತದೆ. ದುಂಬಿ ಸಾಕಿ ಮಾರಲು ಬೇಕಾಗುವುದು ಒಂದು ಕೋಣೆ, ಕುಂಬಳಕಾಯಿ ಮತ್ತು ತಾಳ್ಮೆ. ಇಂಥ ಕೆಲಸ ಕೇಳುವುದು ನಮಗೇ ನಾಚಿಕೆ ಅನ್ನಿಸುತ್ತದೆ, ಅದೂ ನಿಜ.

ಮೊನ್ನೆ ಅಪ್ಪ ಫೋನ್ ಮಾಡಿದ್ದರು. ಕೆಳಗಿನ ತೋಟದಲ್ಲಿ ಮತ್ತೆ ಬಿಳಿ ಕಂಡಿದೆಯಂತೆ. ‘ಅಂಗಡಿಗೆ ಹೋಗಿಲ್ಲ, ನೀನು ಬಂದು ನೋಡು’ ಎಂದರು. ಶನಿವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ.