ಕಿಟಕಿಗೆ ಕಾಣುವ ಕಾಡು

ಕಾಡು ಸೀಳಿಕೊಂಡು ಹೋಗುವ ಹಳೆಯ ರೈಲುಹಾದಿಗಳ ವಿಷಯದಲ್ಲಿ ನಮ್ಮದು ವಿಚಿತ್ರ ಔದಾರ್ಯ. ಇಂದು ಯಾರಾದರೂ ಮಳೆಕಾಡಿನ ಕಣಿವೆಯೊಂದರಲ್ಲಿ ಡೈನಮೈಟ್ ಸಿಡಿಸಿ, ಹದಿನೈದು ಸುರಂಗ ಕೊರೆದು, ತೊಂಬತ್ಮೂರು ತಿರುವುಗಳ ಹಳಿ ಹಾಕುತ್ತೇನೆಂದು ಹೊರಟರೆ ನಾವು ಕೋರ್ಟಿಗೆ ಹೋಗುತ್ತೇವೆ, ಹೋಗಲೂ ಬೇಕು. ಅದೇ ಕೆಲಸ ನೂರಮೂವತ್ತು ವರ್ಷದ ಹಿಂದೆ ಮುಗಿದುಹೋಗಿದ್ದರೆ ಕಿಟಕಿ ಪಕ್ಕದ ಸೀಟು ಸಿಗಲೆಂದು ತಿಂಗಳ ಮೊದಲೇ ಟಿಕೆಟ್ ಕಾಯ್ದಿರಿಸುತ್ತೇವೆ. ಇದನ್ನು ಬರೀ ಆಷಾಢಭೂತಿತನ ಎಂದು ತಳ್ಳಿಹಾಕುವುದು ಸುಲಭ. ಆದರೆ ಇದರ ಹಿಂದೆ ನಾವು ಪರೀಕ್ಷಿಸದೆ ಒಪ್ಪಿಕೊಂಡ ಒಂದು ವಾದವಿದೆ: ಹಳಿಯೂ ಇದೆ, ಕಾಡೂ ಇದೆ, ಅಂದಮೇಲೆ ಎರಡೂ ಕೂಡಿ ಬಾಳಬಲ್ಲವು. ಕಿಟಕಿಯಾಚೆಯ ಹಸಿರೇ ಆ ವಾದಕ್ಕೆ ಸಾಕ್ಷಿ. ಈ ಸಾಕ್ಷಿಯನ್ನು ಪಾಟೀಸವಾಲಿಗೆ ಒಡ್ಡಬೇಕು ಅನ್ನುವುದಷ್ಟೇ ನನ್ನ ಮಾತು.

ಇದಕ್ಕೆ ಆಸ್ಟ್ರೇಲಿಯಾದ ಕುರಾಂಡಾ ರೈಲಿಗಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಕ್ವೀನ್ಸ್‌ಲ್ಯಾಂಡಿನ ಉತ್ತರ ಕರಾವಳಿಯ ಕೇರ್ನ್ಸ್ ಪಟ್ಟಣದಿಂದ ಬೆಟ್ಟದ ಮೇಲಿನ ಕುರಾಂಡಾಗೆ ಹೆಚ್ಚೂಕಡಿಮೆ 33 ಕಿಲೋಮೀಟರ್. ಈ ದೂರಕ್ಕೆ ರೈಲು ಎರಡು ಗಂಟೆಯ ಹತ್ತಿರ ತೆಗೆದುಕೊಳ್ಳುತ್ತದೆ. ಸಮುದ್ರಮಟ್ಟದ ಕಬ್ಬಿನ ಗದ್ದೆಗಳನ್ನು ದಾಟಿ, ಬ್ಯಾರನ್ ನದಿಯ ಕಮರಿಯ ಗೋಡೆಗೆ ಅಂಟಿಕೊಂಡು 300 ಮೀಟರಿಗೂ ಹೆಚ್ಚು ಎತ್ತರಕ್ಕೆ ಏರುತ್ತದೆ. ಸ್ಟೋನಿ ಕ್ರೀಕ್ ಜಲಪಾತದ ಮುಂದೆ ಕಬ್ಬಿಣದ ಸೇತುವೆಯೊಂದು ಬಿಲ್ಲಿನಂತೆ ಬಾಗಿದೆ. ಗಾಡಿ ಅದರ ಮೇಲೆ ಬಂದಾಗ ಹಿಂದಿನ ಡಬ್ಬಿಯವರಿಗೆ ಇಡೀ ಗಾಡಿ ಕಾಣುತ್ತದೆ, ಎಲ್ಲರೂ ಒಟ್ಟಿಗೆ ಫೋಟೊ ತೆಗೆಯುತ್ತಾರೆ. ಬ್ಯಾರನ್ ಜಲಪಾತದೆದುರು ಕೆಲ ನಿಮಿಷ ನಿಲುಗಡೆ. ಡಬ್ಬಿಗಳು ಹಳೆಯ ಮರದವು, ಎಂಜಿನ್ ಮಾತ್ರ ಡೀಸೆಲ್ಲಿನದು. ಎಂಜಿನ್ನಿನ ಮೈಮೇಲೆ ಬುಡಾಜಿ ಎಂಬ ಮಹಾಸರ್ಪದ ಚಿತ್ರ. ಈ ಕಮರಿಯನ್ನು ಹೊರಳಿ ಹೊರಳಿ ಕೊರೆದದ್ದು ಆ ಹಾವೇ ಎನ್ನುವುದು ಇಲ್ಲಿನ ಮೂಲನಿವಾಸಿ ಜಾಬುಗೈ ಜನರ ಪುರಾಣ. ಹಾದಿ ಕೊನೆಯಾಗುವ ಕುರಾಂಡಾ ನಿಲ್ದಾಣ 1915ರದು, ಜರಿಗಿಡ, ಹೂಕುಂಡಗಳ ನಡುವೆ ತೋಟದ ಮನೆಯಂತಿದೆ.

ಇಷ್ಟು ಚೆಂದದ ಹಾದಿ ಹುಟ್ಟಿದ್ದು ಹಸಿವಿನಿಂದ. 1882ರ ಮಳೆಗಾಲ ಮುಗಿಯುವ ಲಕ್ಷಣವೇ ಇರಲಿಲ್ಲ. ಬೆಟ್ಟದಾಚೆಯ ಹರ್ಬರ್ಟನ್‌ನಲ್ಲಿ ತವರದ ಗಣಿ ಅಗೆಯುತ್ತಿದ್ದವರಿಗೆ ಕೆಸರಿನ ಹಾದಿಯಲ್ಲಿ ಕರಾವಳಿಯಿಂದ ಹಿಟ್ಟು ಬರುವುದು ನಿಂತು, ಊರು ಉಪವಾಸದ ಅಂಚಿಗೆ ಬಂತು. ರೈಲು ಬೇಕೆಂದು ಗಲಾಟೆ ಎದ್ದಿತು. ಯಾವ ಬಂದರಿನಿಂದ ಹಳಿ ಹೊರಡಬೇಕೆಂದು ಕರಾವಳಿಯ ಪಟ್ಟಣಗಳು ಕಿತ್ತಾಡಿದವು, ಕೊನೆಗೆ 1884ರಲ್ಲಿ ಕೇರ್ನ್ಸ್ ಗೆದ್ದಿತು. 1886ರ ಮೇ 10ರಂದು ಕ್ವೀನ್ಸ್‌ಲ್ಯಾಂಡಿನ ಪ್ರೀಮಿಯರ್ ಸ್ಯಾಮ್ಯುಯೆಲ್ ಗ್ರಿಫಿತ್ ಮೊದಲ ಗುದ್ದಲಿ ಹಾಕಿದರು. ಬಯಲಿನ ಮೊದಲ ಎಂಟು ಮೈಲಿಯಲ್ಲೇ ಗುತ್ತಿಗೆದಾರರು ಕೈಚೆಲ್ಲಿದರು, ಸರ್ಕಾರವೇ ಮುಗಿಸಬೇಕಾಯಿತು. ಕಮರಿಯ ಕಷ್ಟದ ಭಾಗವನ್ನು 2,90,984 ಪೌಂಡಿಗೆ ಹಿಡಿದವನು ಜಾನ್ ರಾಬ್. ಅವನ ಕೈಕೆಳಗೆ ಒಂದು ಹಂತದಲ್ಲಿ ಸಾವಿರದ ಐನೂರು ಮಂದಿ, ಹೆಚ್ಚಿನವರು ಐರಿಷ್ ಮತ್ತು ಇಟಾಲಿಯನ್ನರು. ಪಿಕಾಸಿ, ಸಲಿಕೆ, ಬಕೆಟ್ಟು, ಡೈನಮೈಟು ಬಿಟ್ಟರೆ ಬರಿಗೈ. 1891ರ ಜೂನ್‌ನಲ್ಲಿ ಹಾದಿ ತೆರೆದಾಗ ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರು ಸತ್ತಿದ್ದರು.

1890ರ ಏಪ್ರಿಲ್‌ನಲ್ಲಿ, ಇನ್ನೂ ಪೂರ್ತಿಯಾಗದ ಸ್ಟೋನಿ ಕ್ರೀಕ್ ಸೇತುವೆಯ ಮೇಲೆ ಮೇಜು ಹಾಸಿ, ರಾಬ್ ಗವರ್ನರ್ ಹೆನ್ರಿ ನಾರ್ಮನ್‌ಗೆ ಔತಣ ಕೊಟ್ಟ. ಈ ನಾರ್ಮನ್ ನಮ್ಮಲ್ಲಿ ದಶಕಗಳ ಕಾಲ ಸೈನ್ಯದಲ್ಲಿದ್ದವರು. ಮುಂದೆ ವೈಸ್‌ರಾಯ್ ಹುದ್ದೆ ಕೈಗೆ ಬಂದರೂ ಬೇಡವೆಂದವರು. ಅಂದು ಭಾಷಣವೇ ನಡೆಯಲಿಲ್ಲವಂತೆ, ಜಲಪಾತದ ಭೋರ್ಗರೆತದಲ್ಲಿ ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಸರ್ಕಾರಿ ಸಮಾರಂಭಗಳನ್ನೆಲ್ಲ ಅಂಥ ಜಾಗದಲ್ಲೇ ಇಟ್ಟುಕೊಳ್ಳಬಾರದೇಕೆ ಅನ್ನಿಸುತ್ತದೆ.

ಈಗ ಹಳಿಯ ಅಗಲದ ಮಾತು. ಇಲ್ಲಿಯದು 1,067 ಮಿಲಿಮೀಟರಿನ ನ್ಯಾರೋಗೇಜ್, ಅಂದರೆ ಮೂರೂವರೆ ಅಡಿ. ಕ್ವೀನ್ಸ್‌ಲ್ಯಾಂಡ್ 1865ರಲ್ಲಿ ತನ್ನ ಮೊದಲ ರೈಲಿಗೇ ಈ ಅಗಲವನ್ನು ಆರಿಸಿಕೊಂಡಿತು. ಆಗ ಅದು ಜನ ಕಡಿಮೆ, ನೆಲ ಹೆಚ್ಚು, ಬೊಕ್ಕಸ ಬರಿದು ಅನ್ನುವಂಥ ವಸಾಹತು. ಹಳಿ ಕಿರಿದಾದರೆ ತಿರುವುಗಳು ಬಿಗಿಯಾಗಬಹುದು, ಬೆಟ್ಟವನ್ನು ಕಡಿಯುವ ಬದಲು ಬಳಸಿಕೊಂಡು ಹೋಗಬಹುದು, ಕಡಿದಲ್ಲಿಯೂ ಕಿರಿದಾಗಿ ಕಡಿದರೆ ಸಾಕು. ಪ್ರವಾಸಿ ಕೈಪಿಡಿಗಳು ಇದನ್ನು ಪ್ರಕೃತಿಯ ಜೊತೆ ಎಂಜಿನಿಯರ್ ಮಾಡಿಕೊಂಡ ಸಂಧಾನವೆಂಬಂತೆ ಬಣ್ಣಿಸುತ್ತವೆ. ನಿಜದಲ್ಲಿ ಅದು ಖಜಾನೆಯ ಜೊತೆ ಮಾಡಿಕೊಂಡ ಸಂಧಾನ. ದುಡ್ಡಿದ್ದಿದ್ದರೆ ಅವರು ನೇರವಾಗಿಯೇ ಹೋಗುತ್ತಿದ್ದರು. ಬಡತನದ ಫಲವನ್ನು ವಿವೇಕದ ಫಲವೆಂದು ಓದುವುದು ಪರಂಪರೆಯ ಹೆಸರಿನಲ್ಲಿ ನಾವು ಮಾಡುವ ಮೊದಲ ತಪ್ಪು.

ಎರಡನೆಯದು ಇದಕ್ಕಿಂತ ದೊಡ್ಡದು. ಪ್ರವಾಸಿಗಳ ರೈಲು ಕುರಾಂಡಾದಲ್ಲಿ ನಿಲ್ಲುತ್ತದೆ, ಹಳಿಯ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಕಮರಿ ಹತ್ತಿದ್ದು ಕಮರಿ ನೋಡಲಿಕ್ಕಲ್ಲವಲ್ಲ! ಹಳಿ 1893ರಲ್ಲಿ ಮರೀಬಾಗೆ, 1903ರಲ್ಲಿ ಆಥರ್ಟನ್‌ಗೆ ಹೋಯಿತು. ಯಾರ ಹಸಿವಿಗಾಗಿ ಇಷ್ಟೆಲ್ಲ ಶುರುವಾಯಿತೋ ಆ ಹರ್ಬರ್ಟನ್‌ಗೆ ತಲುಪಿದ್ದು 1910ರಲ್ಲಿ, ಉಪವಾಸ ಕಳೆದು ಇಪ್ಪತ್ತೆಂಟು ವರ್ಷದ ಮೇಲೆ. ಅಷ್ಟರಲ್ಲಿ ತವರದ ಭರಾಟೆಯೂ ಇಳಿದಿತ್ತು. ದಾರಿಯಲ್ಲಿ ಹಳಿಗೆ ಬೇರೆಯೇ ಕೆಲಸ ಸಿಕ್ಕಿತ್ತು. ಆಥರ್ಟನ್ ಪ್ರಸ್ಥಭೂಮಿ ಹಳೆಯ ಜ್ವಾಲಾಮುಖಿಗಳ ಕೆಂಪು ಮಣ್ಣಿನದು, ಅದರ ಮೇಲೆ ದಟ್ಟ ಮಳೆಕಾಡು. ಬೆಲೆಬಾಳುವ ರೆಡ್ ಸೀಡರ್ ಮರಕ್ಕಾಗಿ ಕೊಡಲಿಯವರು ರೈಲಿಗಿಂತ ಮೊದಲೇ ಬಂದಿದ್ದರು, ಆದರೆ ದಿಮ್ಮಿಯನ್ನು ಸಮುದ್ರಕ್ಕೆ ಮುಟ್ಟಿಸುವುದೇ ದೊಡ್ಡ ಹರಸಾಹಸವಾಗಿತ್ತು. ರೈಲು ಆ ಕಷ್ಟ ನೀಗಿಸಿತು. ಮರ ಹೋದ ಜಾಗಕ್ಕೆ ಮೆಕ್ಕೆಜೋಳ ಬಂತು. ಕಾಡು ಕಡಿದು ಜೋಳ ಬೆಳೆದವರಲ್ಲಿ ಬಹುಪಾಲು ಚೀನೀ ಗೇಣಿದಾರರು. ಸ್ವಂತ ಭೂಮಿ ಹೊಂದುವ ಹಕ್ಕು ಅವರಿಗಿರಲಿಲ್ಲ. ಮೊದಲ ಮಹಾಯುದ್ಧ ಮುಗಿದು ಮರಳಿದ ಸೈನಿಕರಿಗೆ ಜಮೀನು ಹಂಚುವಾಗ ಅವರನ್ನು ಎಬ್ಬಿಸಲಾಯಿತು. 1903ರ ಹೊಯು ವಾಂಗ್ ದೇವಾಲಯ ಆಥರ್ಟನ್‌ನಲ್ಲಿ ಇಂದಿಗೂ ಇದೆ, ಅದರ ಸುತ್ತಲಿದ್ದ ಪೇಟೆ ಇಲ್ಲ. ಜೋಳದ ಹಿಂದೆಯೇ ಹೈನುಗಾರಿಕೆ, ಹುಲ್ಲುಗಾವಲು.

ಆ ಕೆಂಪು ಮಣ್ಣಿನ ಕಾಡಿಗೆ ಇಂದು ಮಾಬಿ ಕಾಡು ಎಂದು ಹೆಸರು. ಮಾಬಿ ಅಂದರೆ ಅಲ್ಲಿನ ಮರಗಳ ಮೇಲೆ ಬದುಕುವ ಕಾಂಗರೂ. ಮೂಲದಲ್ಲಿ ಇದ್ದ ಕಾಡಿನಲ್ಲಿ ನೂರಕ್ಕೆ ಐದರಷ್ಟೂ ಉಳಿದಿಲ್ಲ. ಉಳಿದದ್ದು ಹುಲ್ಲುಗಾವಲುಗಳ ನಡುವೆ ಚೂರುಚೂರು. 2002ರಲ್ಲಿ ಆಸ್ಟ್ರೇಲಿಯಾ ಸರ್ಕಾರ ಅದನ್ನು ಅಳಿವಿನಂಚಿನ ಅತ್ಯಂತ ಗಂಭೀರ ವರ್ಗಕ್ಕೆ ಸೇರಿಸಿತು.

ಕುರಾಂಡಾ ರೈಲಿನ ಕಿಟಕಿ ತೋರಿಸುವುದು ರೈಲಿಗೆ ಕಡಿಯಲಾಗದ ಕಾಡನ್ನು ಮಾತ್ರ. ಕಮರಿಯ ಗೋಡೆ ಬೇಸಾಯಕ್ಕೆ ಬಾರದು, ದಿಮ್ಮಿ ಎಳೆಯಲು ಬಾರದು, ಊರು ಕಟ್ಟಲು ಬಾರದು. ಆದ್ದರಿಂದ ಉಳಿಯಿತು. ರೈಲು ನಿಜವಾಗಿ ಮುಗಿಸಿದ ಕಾಡು ಇರುವುದು ಕೊನೆಯ ನಿಲ್ದಾಣದಿಂದ ಮುಂದೆ, ಪ್ರವಾಸಿ ರೈಲು ಹೋಗದ ಕಡೆ. ಸಿಕ್ಕಿಬೀಳದ ಕಳ್ಳನ ಮನೆಯ ಮುಂಭಾಗವನ್ನಷ್ಟೇ ನೋಡಿ ಸಂಭಾವಿತನೆಂದು ಸರ್ಟಿಫಿಕೇಟ್ ಕೊಟ್ಟ ಹಾಗೆ ಇದು. ರೈಲುಹಾದಿಯ ಹಾನಿಯನ್ನು ಅದರ ಅಗಲದಿಂದ ಅಳೆಯುವುದೇ ತಪ್ಪು. ಹಳಿ ನುಂಗುವ ನೆಲ ಕೆಲವು ಮೀಟರು. ಅದು ಬೇರೆಯವರಿಗೆ ತೆರೆದುಕೊಡುವ ನೆಲ ಜಿಲ್ಲೆಗಳ ಲೆಕ್ಕದ್ದು.

ಇಷ್ಟಕ್ಕೂ ಇಳಿಜಾರು ಒಂದೇ ಕಮರಿಯನ್ನು ಉಳಿಸಲಿಲ್ಲ. ಬ್ಯಾರನ್ ಜಲಪಾತದ ಪಕ್ಕದಲ್ಲೇ 1935ರಲ್ಲಿ ವಿದ್ಯುತ್ ಕೇಂದ್ರ ಬಂತು, ಆಸ್ಟ್ರೇಲಿಯಾದ ಮೊದಲ ಭೂಗತ ವಿದ್ಯುದಾಗಾರ ಅದು. ಮಳೆಯಿಲ್ಲದ ತಿಂಗಳುಗಳಲ್ಲಿ ಜಲಪಾತ ಬಡಕಲಾಗಿ ಕಾಣುವುದಕ್ಕೆ ಬರೀ ಋತುಮಾನ ಕಾರಣವಲ್ಲ, ಮೇಲೆ ಒಡ್ಡು ಕಟ್ಟಿ ನೀರನ್ನು ತಿರುಗಿಸಿದ್ದೂ ಕಾರಣ. ಉತ್ತರದ ಡೇನ್‌ಟ್ರೀ ಕಾಡಿನಲ್ಲಿ 1983ರಲ್ಲಿ ರಸ್ತೆ ಮಾಡಲು ಬುಲ್ಡೋಜರ್ ಬಂದಾಗ ಜನ ಅಡ್ಡ ಮಲಗಿದರು. ರಸ್ತೆಯೇನೋ ಆಯಿತು, ಆದರೆ ಆ ಗದ್ದಲ ದೇಶವನ್ನು ಎಬ್ಬಿಸಿತು. 1988ರಲ್ಲಿ ಈ ಕಮರಿಯೂ ಸೇರಿ ಸುಮಾರು 9,000 ಚದರ ಕಿಲೋಮೀಟರ್ ಮಳೆಕಾಡು ವಿಶ್ವಪರಂಪರೆಯ ಪಟ್ಟಿ ಸೇರಿತು. ಕ್ವೀನ್ಸ್‌ಲ್ಯಾಂಡ್ ಸರ್ಕಾರವೇ ಅದನ್ನು ವಿರೋಧಿಸಿ ಸುಪ್ರೀಂ ಕೋರ್ಟಿಗೆ ಸಮನಾದ ಹೈಕೋರ್ಟಿನ ಮೆಟ್ಟಿಲು ಹತ್ತಿ ಸೋತಿತು. ಪ್ರಯಾಣಿಕ ಇಂದು ನೋಡುವ ಹಸಿರಿಗೆ ಋಣಿಯಾಗಬೇಕಾದ್ದು ಈ ಜಗಳಗಂಟರಿಗೆ, ರಾಬ್‌ಗಲ್ಲ.

ಜಾಬುಗೈ ಜನರ ಕಥೆ ಇನ್ನೂ ಕಹಿ. ಕಮರಿಯಲ್ಲಿ ಹಾದಿ ಹುಡುಕಿದ ಬಿಳಿಯರು ತುಳಿದದ್ದು ಬಹುಮಟ್ಟಿಗೆ ಅವರದೇ ಕಾಲುದಾರಿಗಳನ್ನು. ರೈಲು ಬಂದು ಎರಡು ದಶಕ ಕಳೆದ ಮೇಲೆ, 1913ರಲ್ಲಿ, ಕುರಾಂಡಾದ ಹತ್ತಿರ ಮೋನಾ ಮೋನಾ ಎಂಬ ಮಿಷನ್ ತೆರೆದು ಅವರನ್ನು ಅಲ್ಲಿಗೆ ಒಯ್ದು ಕೂಡಿಹಾಕಿದರು. 1962ರವರೆಗೂ ಅದು ನಡೆಯಿತು. ಬ್ಯಾರನ್ ಕಮರಿಯ ರಾಷ್ಟ್ರೀಯ ಉದ್ಯಾನದ ಮೇಲೆ ಅವರ ಹಕ್ಕನ್ನು ನ್ಯಾಯಾಲಯ ಮನ್ನಿಸಿದ್ದು 2004ರಲ್ಲಿ. ಎಂಜಿನ್ನಿನ ಮೇಲೆ ಹಾವು ಬರೆಯುವುದು ಒಳ್ಳೆಯದೇ, ಆದರೆ ಹಾವಿನವರು ಅರ್ಧ ಶತಮಾನ ಎಲ್ಲಿದ್ದರು ಎಂಬುದನ್ನೂ ಯಾರಾದರೂ ಹೇಳಬೇಕು.

ಹಾಗಾದರೆ ರೈಲು ನಿಲ್ಲಿಸಬೇಕೆ? ಖಂಡಿತ ಬೇಡ. ನಿಲ್ಲಿಸಿದರೆ ಒಂದು ಮರವೂ ಮರಳಿ ಬರುವುದಿಲ್ಲ, ಜನ ಕಾರಿನಲ್ಲಿ ಹತ್ತುತ್ತಾರೆ, ಇರುವ ಘಾಟಿ ರಸ್ತೆಯನ್ನು ಅಗಲಿಸಬೇಕೆಂಬ ಒತ್ತಾಯ ಹೆಚ್ಚುತ್ತದೆ. ಒಂದೇ ಕಾಡಿಗೆ ರಸ್ತೆ, ಹಳಿ ಎರಡೂ ಹೊರೆಯಾದರೆ ಹಳಿಯ ಹೊರೆ ಹಗುರ ಎನ್ನುವುದನ್ನು ಒಪ್ಪಲೇಬೇಕು. ಇದೇ ಕಮರಿಯ ಮೇಲೆ 1995ರಲ್ಲಿ ಏಳೂವರೆ ಕಿಲೋಮೀಟರಿನ ಕೇಬಲ್ ಕಾರು ಬಂತು. ಗೋಪುರದ ಭಾಗಗಳನ್ನು ಹೆಲಿಕಾಪ್ಟರಿನಿಂದ ಇಳಿಸಿ, ಕಾಡೊಳಗೆ ರಸ್ತೆ ಮಾಡದೆ ಕಟ್ಟಿದರು. ಆಗಲೂ ಪ್ರತಿಭಟನೆ ನಡೆದಿತ್ತು. ಆ ಪ್ರತಿಭಟನೆ ಇರದಿದ್ದರೆ ಹೆಲಿಕಾಪ್ಟರಿನ ಖರ್ಚಿಗೆ ಯಾರಾದರೂ ಸಿದ್ಧರಾಗುತ್ತಿದ್ದರೇ ಎಂಬುದು ನನ್ನ ಅನುಮಾನ. ಪಟ್ಟಿಗಳ ವಿಷಯವೂ ಸ್ವಾರಸ್ಯಕರ. ಕುರಾಂಡಾದ ಸುತ್ತ ವಿಶ್ವಪರಂಪರೆಯೆನಿಸಿದ್ದು ಕಾಡು. ನಮ್ಮ ಪಕ್ಕದ ನೀಲಗಿರಿಯಲ್ಲಿ 2005ರಲ್ಲಿ ಆ ಮನ್ನಣೆ ಸಿಕ್ಕಿದ್ದು ಮೀಟರ್‌ಗೇಜ್ ಹಳಿಗೆ. ಆ ಹಳಿ ಏರಿದ ಮೇಲಿನ ಶೋಲಾ ಕಾಡು, ಹುಲ್ಲುಗಾವಲುಗಳಲ್ಲಿ ಎಷ್ಟು ಪಾಲು ಚಹಾ, ನೀಲಗಿರಿ ಮರಗಳ ಪಾಲಾಯಿತು ಎಂಬುದನ್ನು ಊಟಿಯ ಗಾಡಿಯಲ್ಲಿ ಯಾರೂ ಕೇಳುವುದಿಲ್ಲ. ಚಹಾತೋಟವೂ ಹಸಿರೇ ತಾನೆ.

ಹಳಿಯ ಹಾನಿ ಇರುವುದು ಅದು ತೆರೆದುಕೊಡುವ ನೆಲದಲ್ಲಿ ಎಂಬ ಈ ವಾದವನ್ನು ನಮ್ಮ ಘಟ್ಟಗಳಿಗೆ ಯಥಾವತ್ತಾಗಿ ತಂದರೆ ಎಡವುತ್ತೇವೆ. ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗ 1979ರಲ್ಲಿ ತೆರೆದಾಗ ಮೀಟರ್‌ಗೇಜ್, ಐವತ್ತೇಳು ಸುರಂಗಗಳು. ಮೇಲೆ ಮಲೆನಾಡಿನಲ್ಲಿ ಕಾಫಿ ಆಗಲೇ ನೂರು ವರ್ಷಕ್ಕೂ ಹಳೆಯದು, ಕೆಳಗೆ ಅಡಿಕೆ, ತೆಂಗು. ಆಥರ್ಟನ್‌ನ ಹಾಗೆ ತೆರೆಯಲು ಮೇಲೆ ಮುಟ್ಟದ ಕಾಡೇನೂ ಕಾದಿರಲಿಲ್ಲ. ಇಲ್ಲಿನ ತಕರಾರು ಬೇರೆ. ಇಲ್ಲಿ ಹಳಿಗೆ ನಿವೃತ್ತಿ ಸಿಗಲಿಲ್ಲ, ಬ್ರಾಡ್‌ಗೇಜ್ ಆಯಿತು, ಹಗಲಿರುಳು ಸರಕು. 2018ರಲ್ಲಿ, ಮತ್ತೆ 2024ರಲ್ಲಿ ಗುಡ್ಡ ಜರಿದು ಸಂಚಾರ ನಿಂತದ್ದನ್ನು ಕಂಡಿದ್ದೇವೆ. 2021ರಿಂದ ಗಾಜಿನ ಛಾವಣಿಯ ವಿಸ್ಟಾಡೋಮ್ ಡಬ್ಬಿ ಬಂದಮೇಲೆ ಈ ದುಡಿಮೆಯ ಹಾದಿಯೂ ಅರ್ಧ ಪ್ರವಾಸದ ಹಾದಿಯಾಗಿದೆ, ಡಬ್ಬಿಯಲ್ಲಿ ಕೂತವರಿಗೆ ಎದುರಿನಿಂದ ಬರುವ ಸರಕುಗಾಡಿ ಕೇವಲ ದೃಶ್ಯಕ್ಕೆ ಅಡ್ಡಿ.

ಹುಬ್ಬಳ್ಳಿ–ಅಂಕೋಲಾ ಮಾರ್ಗದ ಚರ್ಚೆಯಲ್ಲಿ ಇದೆಲ್ಲ ಕೆಲಸಕ್ಕೆ ಬರುತ್ತದೆ. ಸುಮಾರು 164 ಕಿಲೋಮೀಟರಿನ ಈ ಯೋಜನೆ ಕಾಲು ಶತಮಾನದಿಂದ ಎಳೆದಾಡುತ್ತಿದೆ. 2020ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಹೂಂಗುಟ್ಟಿತು, ಅದೇ ವರ್ಷ ಹೈಕೋರ್ಟು ತಡೆ ಕೊಟ್ಟಿತು. ಕರಾವಳಿಯ ಜನರಿಗೆ ರೈಲು ಬೇಕು ಎನ್ನುವ ಮಾತಿನಲ್ಲಿ ಸುಳ್ಳಿಲ್ಲ, ಅದಕ್ಕೆ ಕಿವುಡಾಗುವ ಪರಿಸರವಾದ ನನಗೆ ಒಪ್ಪಿಗೆಯೂ ಇಲ್ಲ. ಒಪ್ಪಿಗೆಯಿಲ್ಲದ್ದು ಯೋಜನೆಯ ಕೆಲವು ವಕೀಲರು ಮುಂದಿಡುವ ಚಿತ್ರ: ಬ್ರಿಟಿಷರ ಕಾಲದ ಬೆಟ್ಟದ ರೈಲುಗಳನ್ನು ನೋಡಿ, ಕಾಡು ಎಲ್ಲಿ ಹೋಯಿತು? ಕುರಾಂಡಾ ಇಂದು ಸೌಮ್ಯವಾಗಿರುವುದು ದಿಮ್ಮಿ, ಜೋಳ, ತವರ ಎಲ್ಲ ಇಳಿದು ಹೋಗಿ, ಸರಕು ಲಾರಿಗೆ ದಾಟಿ, ದಿನಕ್ಕೆ ಬೆರಳೆಣಿಕೆಯ ಗಾಡಿಗಳು ನಿಧಾನ ಓಡುವುದರಿಂದ. ಅಂಕೋಲಾ ಮಾರ್ಗವನ್ನು ಮೊದಲು ಯೋಚಿಸಿದ್ದೇ ಬಳ್ಳಾರಿ, ಹೊಸಪೇಟೆಯ ಅದಿರನ್ನು ಬಂದರಿಗೆ ಇಳಿಸಲಿಕ್ಕೆ. ಅದರ ಲಾಭದ ಲೆಕ್ಕ ನಿಂತಿರುವುದು ಗಾಡಿಗಳ ಸಂಖ್ಯೆಯ ಮೇಲೆ. ಆದ್ದರಿಂದ ಅಲ್ಲಿ ಕೇಳಬೇಕಾದ ಪ್ರಶ್ನೆಗಳು ಕಣಿವೆ ಹೇಗೆ ಕಾಣುತ್ತದೆ ಎನ್ನುವುದಲ್ಲ. ದಿನಕ್ಕೆ ಎಷ್ಟು ಗಾಡಿ, ರಾತ್ರಿ ಎಷ್ಟು, ಇಳಿಯುವಾಗ ಏನು ಹೊತ್ತು, ಅದಿರು ಕಡಿಮೆಯಾದರೆ ಆ ಜಾಗಕ್ಕೆ ಯಾವ ಸರಕು, ಯಲ್ಲಾಪುರದ ಕಡೆಯ ನಿಲ್ದಾಣಗಳ ಸುತ್ತ ಜಮೀನನ್ನು ಈಗಲೇ ಯಾರು ಕೊಳ್ಳುತ್ತಿದ್ದಾರೆ. ಈ ಉತ್ತರಗಳು ಯೋಜನಾ ವರದಿಯ ಮೊದಲ ಪುಟದಲ್ಲೇ ಇರಲಿ, ಆಮೇಲೆ ಬೇಕಾದರೆ ಕುರಾಂಡಾದ ಫೋಟೊ ಅಂಟಿಸಲಿ.